ಓಟ ಮುಗಿದ ಮೇಲೆ ಬಿಳಿ ರಕ್ತಕಣ ಎಲ್ಲಿ ಹೋಗುತ್ತವೆ?

ಕ್ರೀಡಾ ಶರೀರಶಾಸ್ತ್ರದ ಈ ಪಾಠ ನನಗೆ ಮೂರು ದಿನ ಹಿಡಿಯಿತು. ನಿನ್ನೆ ರಾತ್ರಿ ಗಂಟು ಬಿಡಿಸಿಕೊಂಡಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ, ಇದೇ ಪಾಠ ಓದುವವರಿಗೂ ಆಗಲಿ ಅಂತ.

ಶುರುವಾದದ್ದು ಹೀಗೆ

ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಟೂ ಓಷನ್ಸ್ ಅಂತ 56 ಕಿ.ಮೀ. ಓಟ ನಡೆಯುತ್ತದೆ. 1982ರಲ್ಲಿ ಅದನ್ನು ಓಡಿದವರನ್ನು ಪೀಟರ್ಸ್ ಮತ್ತು ಬೇಟ್‌ಮನ್ ಅನ್ನುವ ಸಂಶೋಧಕರು ವಿಚಾರಿಸಿದರು. ಮುಂದಿನ ಎರಡು ವಾರದಲ್ಲಿ ನೆಗಡಿ, ಗಂಟಲು ನೋವು ಅಂದವರು ಶೇ. 33.3. ಓಡದವರಲ್ಲಿ ಶೇ. 15.3 ಮಾತ್ರ. 1987ರ ಲಾಸ್ ಏಂಜಲೀಸ್ ಮ್ಯಾರಥಾನ್ ಬಗ್ಗೆ ನೀಮನ್ ತಂಡ ಮಾಡಿದ ಲೆಕ್ಕವೂ ಹಾಗೇ ಇತ್ತು: ಓಡಿದವರಲ್ಲಿ ಶೇ. 12.9, ಓಡದೆ ಉಳಿದ ಅಂಥದೇ ಓಟಗಾರರಲ್ಲಿ ಶೇ. 2.2.

ಇವುಗಳಿಂದಲೇ 'ಜೆ' ಆಕಾರದ ಗೆರೆ ಬಂತು. ಸುಮ್ನೆ ಕೂತವರಿಗೆ ಸೋಂಕಿನ ಅಪಾಯ ಮಧ್ಯಮ, ಹದವಾಗಿ ವ್ಯಾಯಾಮ ಮಾಡುವವರಿಗೆ ಕಡಿಮೆ, ಅತಿಯಾಗಿ ಮಾಡುವವರಿಗೆ ಜಾಸ್ತಿ. ಇದು ಸುಲಭ, ಮುಂದೆ ಹೋಗೋಣ.

ನಾನು ಸಿಕ್ಕಿಬಿದ್ದ ಜಾಗ

ಪುಸ್ತಕದಲ್ಲಿ 'ತೆರೆದ ಕಿಟಕಿ' ಅಂತ ಒಂದು ವಿಚಾರ ಇದೆ. ಜೋರು ವ್ಯಾಯಾಮದ ನಂತರ ಕೆಲವು ಗಂಟೆ ದೇಹದ ಕಾವಲು ಸಡಿಲವಾಗುತ್ತದೆ, ಆ ಹೊತ್ತಿಗೆ ವೈರಸ್ ಒಳಗೆ ನುಗ್ಗುತ್ತದೆ ಅಂತ. ಸಾಕ್ಷಿ ಏನು? ರಕ್ತಪರೀಕ್ಷೆ.

ಲೆಕ್ಕಕ್ಕೆ ಸುಲಭವಾಗಲಿ ಅಂತ ನಾನೇ ಸಂಖ್ಯೆ ಇಟ್ಟುಕೊಂಡೆ. ಓಟಕ್ಕೆ ಮೊದಲು ಲಿಂಫೋಸೈಟ್ (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) 2,000. ಓಡುತ್ತಿರುವಾಗ 4,000. ಮುಗಿದು ಒಂದೆರಡು ಗಂಟೆಗೆ 1,200. ಅಂದರೆ ಮೊದಲಿಗಿಂತ 800 ಕಡಿಮೆ. ನಾನು ಪಟ್ಟಿಯ ಪಕ್ಕದಲ್ಲಿ 'ಸತ್ತವು' ಅಂತ ಬರೆದುಕೊಂಡಿದ್ದೆ. ಅಲ್ಲೇ ತಪ್ಪಿದ್ದು.

ಒಂದು ವಿಷಯ ನನಗೆ ಗೊತ್ತಿರಲಿಲ್ಲ. ದೇಹದ ಒಟ್ಟು ಲಿಂಫೋಸೈಟ್‌ಗಳಲ್ಲಿ ರಕ್ತದಲ್ಲಿ ಓಡಾಡುವುದು ಸುಮಾರು ಶೇ. 2 ಮಾತ್ರ! ಉಳಿದವು ಗುಲ್ಮ (ಸ್ಪ್ಲೀನ್), ಮೂಳೆ ಮಜ್ಜೆ, ಕರುಳು, ದುಗ್ಧಗ್ರಂಥಿಗಳಲ್ಲಿ ಇರುತ್ತವೆ. ರಕ್ತ ಅವುಗಳಿಗೆ ಬರೀ ದಾರಿ.

ನಮ್ಮೂರ ತೇರಿನ ದಿನ ನೆನಪಿಸಿಕೊಂಡ ಮೇಲೆ ಸ್ಪಷ್ಟವಾಯಿತು. ತೇರು ಎಳೆಯುವಾಗ ರಥಬೀದಿಯಲ್ಲಿ ಕಾಲಿಡಲು ಜಾಗ ಇರಲ್ಲ. ಎಳೆದು ಮುಗಿದ ಅರ್ಧ ಗಂಟೆಗೆ ಬೀದಿ ಮಾಮೂಲಿ ದಿನಕ್ಕಿಂತಲೂ ಖಾಲಿ. ಅಂಗಡಿಯವರೂ ಇರಲ್ಲ. ಎಲ್ಲರೂ ದೇವಸ್ಥಾನದ ಹಿಂದೆ ಪಂಕ್ತಿಯಲ್ಲಿ ಊಟಕ್ಕೆ ಕೂತಿರುತ್ತಾರೆ. ಬೀದಿಯಲ್ಲಿ ನಿಂತು ತಲೆ ಎಣಿಸಿದವನಿಗೆ ಊರೇ ಖಾಲಿಯಾದ ಹಾಗೆ ಕಾಣುತ್ತದೆ, ಅಲ್ವಾ?

ಈಗ ಅದೇ ಮೂರು ಸಂಖ್ಯೆ ಮತ್ತೆ ನೋಡಿ. 4,000 ಆದದ್ದು ಯಾಕೆ? ಅಡ್ರಿನಲಿನ್ ಏರುತ್ತದೆ, ರಕ್ತದ ಓಟವೂ ಜೋರಾಗುತ್ತದೆ. ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ಕಣಗಳು, ಗುಲ್ಮದಲ್ಲಿದ್ದ ಕಣಗಳು ಕಳಚಿಕೊಂಡು ರಕ್ತಕ್ಕೆ ಬರುತ್ತವೆ. ಲಿಂಫೋಸೈಟ್‌ಗಳದೇ ಒಂದು ಬಗೆಯಾದ ನ್ಯಾಚುರಲ್ ಕಿಲ್ಲರ್ ಕಣಗಳಂತೂ ಎಲ್ಲಕ್ಕಿಂತ ಹೆಚ್ಚು ಏರುತ್ತವೆ. 1,200ಕ್ಕೆ ಇಳಿದದ್ದು ಯಾಕೆ? ಅವು ರಕ್ತ ಬಿಟ್ಟು ಅಂಗಾಂಶಗಳಿಗೆ ಹೋದವು. ಇಲಿಗಳ ಟಿ ಕಣಗಳಿಗೆ (ಇವೂ ಒಂದು ಬಗೆಯ ಲಿಂಫೋಸೈಟ್) ಹೊಳೆಯುವ ಬಣ್ಣ ಹಚ್ಚಿ, ಇಲಿಗಳನ್ನು ಓಡಿಸಿ ನೋಡಿದಾಗ ಅವು ಸಿಕ್ಕಿದ್ದು ಶ್ವಾಸಕೋಶ, ಕರುಳು, ಮೂಳೆ ಮಜ್ಜೆಯಲ್ಲಿ. ಸೋಂಕು ಬರುವ ಬಾಗಿಲುಗಳಲ್ಲೇ ಕಾವಲಿಗೆ ನಿಂತ ಹಾಗೆ. 2018ರಲ್ಲಿ ಕ್ಯಾಂಪ್‌ಬೆಲ್ ಮತ್ತು ಟರ್ನರ್ ವಾದಿಸಿದ್ದು ಇದನ್ನೇ: ರಕ್ತದಲ್ಲಿ ಕಡಿಮೆ ಆದರೆ ದೇಹದಲ್ಲಿ ಕಡಿಮೆ ಆಯಿತು ಅಂತ ಅಲ್ಲ.

ಈಗ ಯಾವ ಪಟ್ಟಿ ನೋಡಿದರೂ ಪಕ್ಕದಲ್ಲಿ ಎರಡು ಪ್ರಶ್ನೆ ಬರೆಯುತ್ತೇನೆ. ಎಣಿಸಿದ್ದು ಎಲ್ಲಿ? ಎಣಿಸದೆ ಬಿಟ್ಟದ್ದು ಎಲ್ಲಿ?

ಹಾಗಾದರೆ ಗಂಟಲು ನೋವು?

ಕೇಪ್‌ಟೌನ್‌ನಲ್ಲಿ ಕೇಳಿದ್ದು ಲಕ್ಷಣ, ವೈರಸ್ ಹುಡುಕಿರಲಿಲ್ಲ. 2007ರ ಒಂದು ಅಧ್ಯಯನದಲ್ಲಿ ಕ್ರೀಡಾಪಟುಗಳೂ ಇತರರೂ ಸೇರಿ 37 ಸಲ ಹೀಗೆ ಕಾಯಿಲೆ ಬಿದ್ದಾಗ ಪರೀಕ್ಷೆ ಮಾಡಿದರು. ರೋಗಾಣು ಸಿಕ್ಕಿದ್ದು 11 ಸಲ ಮಾತ್ರ. ಗಂಟೆಗಟ್ಟಲೆ ಬಾಯಲ್ಲಿ ಒಣ ಗಾಳಿ ಎಳೆದರೂ ಗಂಟಲು ಕೆರೆಯುತ್ತದೆ. ಅಲರ್ಜಿಯೂ ಇರಬಹುದು.

ಇದರರ್ಥ ಅಪಾಯವೇ ಇಲ್ಲ ಅಂತಲ್ಲ. 'ತೆರೆದ ಕಿಟಕಿ'ಯನ್ನು ಒಪ್ಪುವ, ಒಪ್ಪದ ಎರಡೂ ಬಣದ ಸಂಶೋಧಕರು 2020ರಲ್ಲಿ ಒಂದೇ ಲೇಖನದಲ್ಲಿ ವಾದ ಮಂಡಿಸಿದರು, ಒಮ್ಮತ ಆಗಲಿಲ್ಲ. ಪರೀಕ್ಷೆಯಲ್ಲಿ 'ತೆರೆದ ಕಿಟಕಿ' ಕೇಳಿದರೆ ಎರಡೂ ಕಡೆ ಬರೆಯಿರಿ. ದೊಡ್ಡ ಓಟದ ಜೊತೆಗೇ ಪ್ರಯಾಣ, ಜನಸಂದಣಿ, ಆತಂಕ, ನಿದ್ದೆಗೇಡು ಬರುತ್ತವೆ. ಅವನ್ನು ಮರೆಯಬೇಡಿ.

ನಿದ್ದೆಯದಂತೂ ದೊಡ್ಡ ಪಾತ್ರ. 2015ರಲ್ಲಿ 164 ಜನರ ಮೂಗಿಗೆ ನೆಗಡಿ ವೈರಸ್ ಹನಿ ಹಾಕಿ ಕಾದರು. ಇವರು ಕ್ರೀಡಾಪಟುಗಳಲ್ಲ, ಆರೋಗ್ಯವಂತ ವಯಸ್ಕರು. 7 ಗಂಟೆಗಿಂತ ಜಾಸ್ತಿ ಮಲಗಿದವರಿಗೆ ಹೋಲಿಸಿದರೆ 6 ಗಂಟೆಗಿಂತ ಕಡಿಮೆ ಮಲಗಿದವರಿಗೆ ನೆಗಡಿ ಬರುವ ಸಾಧ್ಯತೆ 4 ಪಟ್ಟಿಗೂ ಹೆಚ್ಚಿತ್ತು. ಓಟದ ಹಿಂದಿನ ವಾರ ಯಾರು ಸರಿಯಾಗಿ ಮಲಗಿರುತ್ತಾರೆ? ಲಾಸ್ ಏಂಜಲೀಸ್‌ನ ಆ ಶೇ. 12.9ರಲ್ಲಿ ಓಟದ ಪಾಲೆಷ್ಟು, ನಿದ್ದೆಗೇಡಿನ ಪಾಲೆಷ್ಟು ಅನ್ನುವ ಪ್ರಶ್ನೆಯನ್ನೂ ಪಟ್ಟಿಯ ಪಕ್ಕದಲ್ಲಿ ಬರೆದಿಟ್ಟಿದ್ದೇನೆ.