ಪದ ಪರಿಚಯ: ಟೀಚರ್ ಮತ್ತು ವಿದ್ಯಾರ್ಥಿ ನಡುವಿನ ‘ಭಾವನಾತ್ಮಕ ಬೌಂಡರಿ’

‘ಬೌಂಡರಿ’ (ಇಬ್ಬರ ನಡುವೆ ಇರಬೇಕಾದ ಗೆರೆ) ಅಂದ ಕೂಡಲೇ ಕೆಲವು ಮೇಷ್ಟ್ರುಗಳು ಮುಖ ಸಿಂಡರಿಸುತ್ತಾರೆ. ಹಾಗಾದ್ರೆ ಮಕ್ಕಳ ಮೇಲೆ ಪ್ರೀತಿ ಇಟ್ಕೊಳ್ಳಬಾರದಾ ಅಂತ. ಧಾರಾಳವಾಗಿ ಇಟ್ಟುಕೊಳ್ಳಬಹುದು. 1921ರಲ್ಲಿ ಪ್ರೊಫೆಸರ್ ಸರ್ವೆಪಲ್ಲಿ ರಾಧಾಕೃಷ್ಣನ್ (ಮುಂದೆ ರಾಷ್ಟ್ರಪತಿಯಾದವರು) ಮೈಸೂರು ಬಿಟ್ಟು ಕಲ್ಕತ್ತಾಗೆ ಹೊರಟಾಗ ವಿದ್ಯಾರ್ಥಿಗಳೇ ಅವರ ಸಾರೋಟನ್ನು ರೈಲ್ವೆ ಸ್ಟೇಷನ್‌ವರೆಗೆ ಎಳೆದುಕೊಂಡು ಹೋದರು. ಊರೆಲ್ಲ ನೋಡುವಂತೆ ತೋರಿಸಿದ ಪ್ರೀತಿ ಅದು. ಬೌಂಡರಿಗೂ ಅದಕ್ಕೂ ಯಾವ ಜಗಳವೂ ಇಲ್ಲ.

ಈ ಸಂಬಂಧ ಇರುವುದು ವಿದ್ಯಾರ್ಥಿಯ ಅಗತ್ಯಕ್ಕಾಗಿ. ಟೀಚರ್ ತಮ್ಮ ಒಂಟಿತನ, ಬೇಜಾರು, ಹೊಗಳಿಕೆಯ ಆಸೆಯನ್ನು ವಿದ್ಯಾರ್ಥಿಯಿಂದ ತೀರಿಸಿಕೊಳ್ಳಲು ಶುರುಮಾಡಿದರೆ ಬೌಂಡರಿ ಮುರಿದ ಹಾಗೆ.

ಬೌಂಡರಿ ಅನ್ನುವ ಈ ಮಾತು ಮನೋವೈದ್ಯರ ಕಡೆಯಿಂದ ಬಂದದ್ದು. 1993ರಲ್ಲಿ ಗುಥೈಲ್ ಮತ್ತು ಗಬಾರ್ಡ್ ಎಂಬ ಅಮೆರಿಕದ ಇಬ್ಬರು ಮನೋವೈದ್ಯರು ‘ಬೌಂಡರಿ ಕ್ರಾಸಿಂಗ್’ ಬೇರೆ, ‘ಬೌಂಡರಿ ವಯೊಲೇಶನ್’ ಬೇರೆ ಅಂತ ವಿವರಿಸಿದರು. ಮೊದಲನೆಯದು ಮಾಮೂಲಿ ರೀತಿ ಬಿಟ್ಟು ಸ್ವಲ್ಪ ಆಚೆ ಹೋಗುವುದು. ಅದರಿಂದ ಕೆಲವೊಮ್ಮೆ ಒಳ್ಳೆಯದೇ ಆಗುತ್ತದೆ. ಎರಡನೆಯದು ಹಾನಿ ಮಾಡುವಂಥದ್ದು. ಅವರು ಬರೆದದ್ದು ಡಾಕ್ಟರ್ ಮತ್ತು ರೋಗಿಯ ಬಗ್ಗೆ, ಆದರೆ ಶಾಲೆಗೂ ಚೆನ್ನಾಗಿ ಹೊಂದುತ್ತದೆ.

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳ ಅಮ್ಮ ಆಸ್ಪತ್ರೆಯಲ್ಲಿದ್ದಾರೆ ಅಂದುಕೊಳ್ಳಿ. ಮೇಷ್ಟ್ರು ಮನೆಗೆ ಹೋಗಿ ವಿಚಾರಿಸುತ್ತಾರೆ, ತಪ್ಪಿದ ಪಾಠ ಹೇಳಿಕೊಡುತ್ತಾರೆ. ಇದು ಕ್ರಾಸಿಂಗ್, ಮಾಡಬೇಕಾದ್ದೇ. ಆಮೇಲೆ ರಾತ್ರಿ ಹತ್ತೂವರೆಗೆ ವಾಟ್ಸಾಪ್ ಬರತೊಡಗುತ್ತದೆ: ‘ಊಟ ಆಯ್ತಾ?’ ಒಂದೆರಡು ವಾರದಲ್ಲಿ, ‘ಮನೇಲಿ ನನ್ನನ್ನ ಯಾರೂ ಅರ್ಥ ಮಾಡ್ಕೊಳ್ಳಲ್ಲ, ನೀನೊಬ್ಬಳೇ.’ ಕೊನೆಗೆ, ‘ಈ ಮೆಸೇಜ್ ಡಿಲೀಟ್ ಮಾಡ್ಬಿಡು.’ ಕೈ ಮುಟ್ಟಿಲ್ಲ, ಕೆಟ್ಟ ಮಾತಿಲ್ಲ. ಆದರೂ ಇದು ವಯೊಲೇಶನ್. ದೊಡ್ಡವರನ್ನು ಸಮಾಧಾನ ಮಾಡುವ ಕೆಲಸ ಹದಿನಾಲ್ಕರ ಹುಡುಗಿಯ ಹೆಗಲಿಗೆ ಬಿತ್ತು. ಅವಳು ಉತ್ತರ ಕೊಡದೆ ಇರುವುದೂ ಕಷ್ಟ. ಬೆಳಗ್ಗೆ ಅದೇ ಮೇಷ್ಟ್ರ ಕ್ಲಾಸಲ್ಲಿ ಕೂರಬೇಕು, ಮಾರ್ಕ್ಸ್ ಹಾಕುವವರೂ ಅವರೇ ಅಲ್ವಾ?

ನನ್ನ ಮಟ್ಟಿಗೆ ‘ಡಿಲೀಟ್ ಮಾಡು’ ಅನ್ನುವುದೇ ದೊಡ್ಡ ಸುಳಿವು. ಅಪ್ಪ ಅಮ್ಮನ ಮುಂದೆ ಓದಿ ಹೇಳಲಾಗದ ಮೆಸೇಜನ್ನು ಕಳಿಸಲೇಬಾರದು.

ವಿದ್ಯಾರ್ಥಿಗೆ ಟೀಚರ್ ಮೇಲೆ ಜಾಸ್ತಿ ಮೋಹ ಹುಟ್ಟುವುದೂ ಉಂಟು, ಆ ವಯಸ್ಸಲ್ಲಿ ಸಹಜ. ಅದಕ್ಕೆ ಗೇಲಿ ಮಾಡುವುದೂ ತಪ್ಪು, ಒಳಗೊಳಗೆ ಖುಷಿಪಟ್ಟು ಬೆಳೆಸುವುದೂ ತಪ್ಪು. ಗೆರೆ ಕಾಯುವ ಹೊಣೆ ಯಾವಾಗಲೂ ದೊಡ್ಡವರದು. ಕಾನೂನೂ ಹಾಗೇ ನೋಡುತ್ತದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆ ಪ್ರಕಾರ 18 ತುಂಬದ ಮಗುವಿನ ‘ಒಪ್ಪಿಗೆ’ಗೆ ಬೆಲೆಯಿಲ್ಲ, ಲೈಂಗಿಕ ಅಪರಾಧ ಮಾಡಿದವರು ಶಾಲೆಯ ಸಿಬ್ಬಂದಿಯಾದರೆ ಶಿಕ್ಷೆ ಇನ್ನೂ ಹೆಚ್ಚು.

ಒಳ್ಳೆಯ ಟೀಚರ್‌ಗಳು ಎಡವುವ ಜಾಗ ಬೇರೆ. ಮಗು ಅಳುತ್ತಾ ಬಂದು, ‘ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡಿ ಮಿಸ್’ ಅನ್ನುತ್ತದೆ. ಸುಮ್ನೆ ‘ಆಯ್ತು’ ಅಂದುಬಿಡಬೇಡಿ. ‘ಕ್ಲಾಸಲ್ಲಿ ಯಾರಿಗೂ ಗೊತ್ತಾಗಲ್ಲ, ಆದರೆ ನಿನಗೆ ಅಪಾಯ ಇದ್ದರೆ ಸಹಾಯ ಮಾಡುವವರಿಗೆ ಹೇಳಲೇಬೇಕಾಗುತ್ತೆ’ ಅಂತ ಮೊದಲೇ ತಿಳಿಸಿ. ಆಮೇಲೆ ಪೂರ್ತಿ ಕೇಳಿ. ವಿಷಯ ಲೈಂಗಿಕ ದೌರ್ಜನ್ಯದ್ದಾದರೆ ಪೊಲೀಸರಿಗೆ ತಿಳಿಸುವುದು ಪೋಕ್ಸೋ 19ನೇ ಸೆಕ್ಷನ್ ಪ್ರಕಾರ ಕಡ್ಡಾಯ. ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೂ ಫೋನ್ ಮಾಡಬಹುದು, ಟೀಚರೂ ಮಾಡಬಹುದು.