ಬ್ರೂಸ್ ಹೋದರು, ಮೇಡನ್ ಸೊರಗಿತು: ತಪ್ಪೆಲ್ಲ ಬ್ಲೇಜ್ ಬೇಲಿಯದೇ?

ಪ್ರಶ್ನೆ: ಗಾಯಕ ಬ್ರೂಸ್ ಡಿಕಿನ್ಸನ್ ಬಿಟ್ಟುಹೋದ ಮೇಲೆ ಬ್ರಿಟನ್ನಿನ ಹೆವಿ ಮೆಟಲ್ (ಅಬ್ಬರದ ರಾಕ್ ಸಂಗೀತ) ತಂಡ ಐರನ್ ಮೇಡನ್ ಇಳಿಮುಖವಾಯಿತು ಎನ್ನುತ್ತಾರೆ. ಅವರ ಜಾಗಕ್ಕೆ ಬಂದ ಬ್ಲೇಜ್ ಬೇಲಿಯೇ ಅದಕ್ಕೆ ಕಾರಣವೇ? ಅಭಿಮಾನಿಗಳ ಈ ಜಗಳ ಇನ್ನೂ ಏಕೆ ಮುಗಿದಿಲ್ಲ?

ಉತ್ತರ: ತಂಡ ಇಳಿಮುಖವಾದದ್ದು ನಿಜ, ಅದರಲ್ಲಿ ವಾದಕ್ಕೆ ಎಡೆಯಿಲ್ಲ. 1992ರಲ್ಲಿ ಬ್ರೂಸ್ ಹಾಡಿದ 'ಫಿಯರ್ ಆಫ್ ದ ಡಾರ್ಕ್' ಬ್ರಿಟನ್ನಿನ ಮಾರಾಟ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತ್ತು. ಬ್ಲೇಜ್ ಹಾಡಿದ 'ದಿ ಎಕ್ಸ್ ಫ್ಯಾಕ್ಟರ್' (1995) ಎಂಟನೆಯ ಸ್ಥಾನಕ್ಕೆ ಬಂದು ನಿಂತಿತು, 'ವರ್ಚುವಲ್ ಇಲೆವೆನ್' (1998) ಹದಿನಾರನೆಯದಕ್ಕೆ. ದೊಡ್ಡ ಕ್ರೀಡಾಂಗಣಗಳನ್ನು ತುಂಬಿಸುತ್ತಿದ್ದ ತಂಡ ಅಮೆರಿಕದಲ್ಲಿ ಕ್ಲಬ್ಬುಗಳಲ್ಲಿ ನುಡಿಸಬೇಕಾಯಿತು. ಆದರೆ ಈ ಇಳಿಜಾರು ಯಾವಾಗ ಶುರುವಾಯಿತು ಎಂದು ಕೇಳಿದರೆ, ನನ್ನ ಉತ್ತರ ಬ್ರೂಸ್ ಹೋದ 1993 ಅಲ್ಲ, 1990.

ಗಾಯಕರನ್ನು ಕಳೆದುಕೊಳ್ಳುವುದು ಈ ತಂಡಕ್ಕೆ ಹೊಸದೇನೂ ಆಗಿರಲಿಲ್ಲ. ಬೇಸ್ ಗಿಟಾರ್ ವಾದಕ ಸ್ಟೀವ್ ಹ್ಯಾರಿಸ್ 1975ರಲ್ಲಿ ಪೂರ್ವ ಲಂಡನ್ನಿನಲ್ಲಿ ಕಟ್ಟಿದ ತಂಡ ಇದು. ಮೊದಲ ಎರಡು ಆಲ್ಬಂಗಳಲ್ಲಿ ಹಾಡಿದವರು ಪಾಲ್ ಡಿಯಾನೊ. 1981ರಲ್ಲಿ ಅವರು ಹೋಗಿ ಬ್ರೂಸ್ ಬಂದರು. ಮರುವರ್ಷವೇ 'ದ ನಂಬರ್ ಆಫ್ ದ ಬೀಸ್ಟ್' ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಹಿಡಿಯಿತು. ಗಾಯಕ ಹೋದ ಮಾತ್ರಕ್ಕೆ ತಂಡ ಮುಗಿಯುವುದಾದರೆ ಮೇಡನ್ ಆಗಲೇ ಮುಗಿಯಬೇಕಿತ್ತು.

ಹಾಗಾದರೆ 1990ರಲ್ಲಿ ಆದದ್ದೇನು? ಗಿಟಾರ್ ವಾದಕ ಏಡ್ರಿಯನ್ ಸ್ಮಿತ್ ತಂಡ ಬಿಟ್ಟರು. ಎಂಬತ್ತರ ದಶಕದ ಮೇಡನ್ ಹಾಡುಗಳಲ್ಲಿ ಒಮ್ಮೆ ಕೇಳಿದರೆ ಮರೆಯದ ರಾಗಗಳ ದೊಡ್ಡ ಪಾಲು ಅವರ ಕೊಡುಗೆ. ಹ್ಯಾರಿಸ್ ಅವರ ಒಲವು ಉದ್ದನೆಯ, ಚರಿತ್ರೆ-ಪುರಾಣಗಳ ಹಾಡುಗಳತ್ತ. ಅದಕ್ಕೆ ಅಂಕೆ ಹಾಕುವ ಕೈ ಸ್ಮಿತ್ ಅವರದಾಗಿತ್ತು. ಅವರಿಲ್ಲದೆ ಬಂದ 'ನೋ ಪ್ರೇಯರ್ ಫಾರ್ ದ ಡೈಯಿಂಗ್' ಆಲ್ಬಂನ ಹಾಡುಗಾರ ಬ್ರೂಸ್ ಅವರೇ. ಹಾಗಿದ್ದರೂ ಹಿಂದಿನ ದಶಕದ ಕೆಲಸದ ಪಕ್ಕದಲ್ಲಿ ಅದು ಸಪ್ಪೆ. ಮಾರಾಟ ಇನ್ನೂ ಕುಸಿದಿರಲಿಲ್ಲವಾದ್ದರಿಂದ ಯಾರೂ ಗಾಬರಿಯಾಗಲಿಲ್ಲ, ಅಷ್ಟೇ.

ಎರಡನೆಯ ನಷ್ಟದ ಬಗ್ಗೆ ಮಾತೇ ಕಡಿಮೆ. 1981ರ 'ಕಿಲ್ಲರ್ಸ್'ನಿಂದ 1992ರವರೆಗೆ ತಂಡದ ಪ್ರತಿ ಸ್ಟುಡಿಯೊ ಆಲ್ಬಂ ನಿರ್ಮಿಸಿದವರು ಮಾರ್ಟಿನ್ ಬರ್ಚ್. ಅವರು ನಿವೃತ್ತರಾದ ಮೇಲೆ ಹ್ಯಾರಿಸ್ ತಮ್ಮದೇ ಸ್ಟುಡಿಯೊದಲ್ಲಿ, ನೈಜೆಲ್ ಗ್ರೀನ್ ಜತೆ, ನಿರ್ಮಾಣದ ಹೊಣೆಯನ್ನೂ ಹೊತ್ತರು. ಬ್ಲೇಜ್ ಹಾಡಿದ ಎರಡು ಆಲ್ಬಂಗಳಲ್ಲಿ ಕೇಳುವ ಒಣ, ತೆಳ್ಳನೆಯ ಸದ್ದಿಗೆ ಹಾಡುಗಾರರನ್ನು ಹೇಗೆ ದೂರುವುದು? 'ದಿ ಏಂಜೆಲ್ ಆಂಡ್ ದ ಗ್ಯಾಂಬ್ಲರ್' ಹಾಡನ್ನು ಕೇಳಿ ನೋಡಿ. ಹತ್ತು ನಿಮಿಷದ ಹತ್ತಿರ ಹೋಗುವ ಈ ಹಾಡಿನ ಪಲ್ಲವಿಯ ಅವವೇ ಸಾಲುಗಳು ಮತ್ತೆ ಮತ್ತೆ ಬಂದು ದಣಿಸುತ್ತವೆ. 'ಇಲ್ಲಿಗೆ ಸಾಕು, ಕತ್ತರಿಸೋಣ' ಎನ್ನುವ ಹಿರಿಯರು ಕೋಣೆಯಲ್ಲಿದ್ದಿದ್ದರೆ ಅದು ಅರ್ಧಕ್ಕೆ ಇಳಿಯುತ್ತಿತ್ತು ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ.

ಇನ್ನು ಬ್ಲೇಜ್ ಅವರ ಗಂಟಲಿನ ವಿಚಾರ. ಜಗಳವೆಲ್ಲ ಇಲ್ಲೇ. ವುಲ್ಫ್ಸ್‌ಬೇನ್ ತಂಡದಿಂದ ಬಂದ ಅವರದು ಮಂದ್ರಕ್ಕೆ ಒಗ್ಗುವ, ಗಡಸು, ಕಪ್ಪು ಛಾಯೆಯ ದನಿ. ಬ್ರೂಸ್ ಅವರದು ತಾರಸ್ಥಾಯಿಯಲ್ಲಿ ಲೀಲಾಜಾಲವಾಗಿ ಓಡಾಡುವ ದನಿ. ನಮ್ಮ ಕಛೇರಿಗಳಲ್ಲಿ ಶ್ರುತಿ ಹಾಡುವವರದು, ಪಿಟೀಲಾಗಲಿ ಮೃದಂಗವಾಗಲಿ ಅದಕ್ಕೇ ಹೊಂದಿಕೊಳ್ಳುತ್ತವೆ. ಮೇಡನ್ ಅದನ್ನು ಮಾಡಲಿಲ್ಲ. ಬ್ರೂಸ್ ಅವರಿಗೆಂದು ಕಟ್ಟಿದ ಹಾಡುಗಳನ್ನು ಅದೇ ಶ್ರುತಿಯಲ್ಲಿ ನುಡಿಸುತ್ತ, ರಾತ್ರಿಯ ಮೇಲೆ ರಾತ್ರಿ ಹೊಸಬರನ್ನು ಅಲ್ಲಿಗೆ ಏರಿಸಿದರು. ಏರಲು ಹೋಗಿ ಸ್ವರ ಜಾರಿತು. ಪ್ರವಾಸಗಳಲ್ಲಿ ಗಂಟಲು ಕೈಕೊಟ್ಟು ಕಾರ್ಯಕ್ರಮಗಳೂ ರದ್ದಾದವು. ಆ ಕಾಲದ ವೇದಿಕೆ ಧ್ವನಿಮುದ್ರಣಗಳನ್ನು ಕೇಳಿದವರು 'ಇವರಿಗೆ ಹಾಡಲು ಬರುವುದಿಲ್ಲ' ಎಂದರೆ ಅದನ್ನು ತಪ್ಪೆನ್ನುವುದು ಕಷ್ಟ. ಆದರೆ ಅವರನ್ನು ಆರಿಸಿ ತಂದವರೇ ಅವರಿಗೆ ತಕ್ಕಂತೆ ಒಂದು ಸ್ವರ ಇಳಿಸಲಿಲ್ಲವಲ್ಲ ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಕಾಲವೂ ಪ್ರತಿಕೂಲವಾಗಿತ್ತು. ಸಿಯಾಟಲ್‌ನಿಂದ ಎದ್ದ ಗ್ರಂಜ್ ಎಂಬ ಹೊಸ ರಾಕ್ ಶೈಲಿಯ ಅಲೆ ಅಮೆರಿಕದ ರೇಡಿಯೊ, ಟಿವಿಗಳಿಂದ ಎಂಬತ್ತರ ದಶಕದ ಹೆವಿ ಮೆಟಲ್ ತಂಡಗಳನ್ನು ಬದಿಗೆ ಸರಿಸಿತ್ತು. ಬ್ರೂಸ್ ಇದ್ದಿದ್ದರೂ ಆ ಪೆಟ್ಟು ತಪ್ಪುತ್ತಿರಲಿಲ್ಲ.

ಇದಕ್ಕೆ ಎದುರು ವಾದ ಒಂದಿದೆ, ಅದು ಗಟ್ಟಿಯಾದದ್ದೂ ಹೌದು. 1998ರಲ್ಲೇ ಬ್ರೂಸ್ ತಮ್ಮ ಸ್ವಂತ ಹೆಸರಿನಲ್ಲಿ 'ದ ಕೆಮಿಕಲ್ ವೆಡ್ಡಿಂಗ್' ಹೊರತಂದರು. 'ವರ್ಚುವಲ್ ಇಲೆವೆನ್' ಪಕ್ಕದಲ್ಲಿಟ್ಟರೆ ಅದರ ತೂಕವೇ ಬೇರೆ. 'ನೋಡಿ, ಜೀವ ಇದ್ದದ್ದು ಗಾಯಕರಲ್ಲೇ' ಎಂದು ಅಭಿಮಾನಿಗಳು ಇದನ್ನು ಮುಂದಿಡುತ್ತಾರೆ. ಆ ಆಲ್ಬಂನಲ್ಲಿ ಗಿಟಾರ್ ಹಿಡಿದವರಲ್ಲಿ ಒಬ್ಬರು ಯಾರು ಎಂದೂ ನೋಡಬೇಕು: ಏಡ್ರಿಯನ್ ಸ್ಮಿತ್. 1999ರಲ್ಲಿ ಬ್ರೂಸ್ ಮೇಡನ್‌ಗೆ ಮರಳಿದಾಗ ಒಂಟಿಯಾಗಿ ಬರಲಿಲ್ಲ, ಸ್ಮಿತ್ ಕೂಡ ಬಂದರು. ಮರುವರ್ಷದ 'ಬ್ರೇವ್ ನ್ಯೂ ವರ್ಲ್ಡ್'ಗೆ ಕೆವಿನ್ ಶರ್ಲಿ ಎಂಬ ಹೊರಗಿನ ನಿರ್ಮಾಪಕರೂ ಸಿಕ್ಕರು. ಕಳೆದುಹೋದದ್ದೆಲ್ಲ ಒಟ್ಟಿಗೆ ತುಂಬಿಕೊಂಡಿತು. ಹೊಗಳಿಕೆ ಮಾತ್ರ ಒಬ್ಬರ ಹೆಸರಿಗೆ ಹೋಯಿತು.

ಬೆಂಗಳೂರಿನವರ ಮೇಡನ್ ನೆನಪು ಇದರ ನಂತರದ್ದು. ಅರಮನೆ ಮೈದಾನದಲ್ಲಿ 2007ರ ಮಾರ್ಚ್ 17ರಂದು ಬಂದು ನಿಂತದ್ದು ಈ ತುಂಬಿದ ಮೇಡನ್, ಮೂವರು ಗಿಟಾರ್ ವಾದಕರ ತಂಡ. ಅದನ್ನು ಕಣ್ಣಾರೆ ಕಂಡವರಿಗೆ ಬ್ಲೇಜ್ ಹಾಡಿದ ಎರಡು ಆಲ್ಬಂಗಳನ್ನು ಕೇಳುವ ಮನಸ್ಸಾಗದಿದ್ದರೆ ಆಶ್ಚರ್ಯವಿಲ್ಲ.

ಆದರೂ ಕೇಳಿ. 'ಸೈನ್ ಆಫ್ ದ ಕ್ರಾಸ್' ಹಾಡಿನ 1995ರ ಮೂಲ ಮುದ್ರಣ ಮೊದಲು, ಆಮೇಲೆ ಅದೇ ಹಾಡನ್ನು 2001ರ ಜನವರಿಯಲ್ಲಿ ರಿಯೊ ಡಿ ಜನೈರೊದ ಜನಸಾಗರದ ಎದುರು ಬ್ರೂಸ್ ಹಾಡಿದ್ದು. ಎರಡನೆಯದರ ಅಬ್ಬರ ಮೈನವಿರೇಳಿಸುತ್ತದೆ. ಆದರೆ ಹಾಡಿನ ಆರಂಭದಲ್ಲಿ, ಗಿಟಾರುಗಳು ಇನ್ನೂ ಎದ್ದಿರದ ಆ ಮೆಲುದನಿಯ ಸಾಲುಗಳಲ್ಲಿರುವ ಭಯ ಬ್ಲೇಜ್ ಅವರ ಕಂಠದಲ್ಲೇ ಹೆಚ್ಚು ನಿಜವಾಗಿದೆ ಎಂಬುದು ನನ್ನ ಅಭಿಪ್ರಾಯ, ಇದಕ್ಕಾಗಿ ಯಾವ ಅಭಿಮಾನಿಯ ಜತೆಗೂ ವಾದಕ್ಕೆ ಕೂರಲು ಸಿದ್ಧ.