ಒದ್ದೆಯಾಗಿರುವುದು ಪ್ಯಾನ್, ಸೋರುವುದು ಪ್ಲಗ್: 722.6 ಗೇರ್‌ಬಾಕ್ಸ್ ಟಿಪ್ಪಣಿ

ಹೆಂಚಿನ ಮನೆಯಲ್ಲಿ ಮಳೆಗಾಲ ಕಳೆದವರಿಗೆ ಗೊತ್ತಿರುತ್ತದೆ: ಹೆಂಚು ಒಡೆದದ್ದು ಒಂದು ಕಡೆ, ನೀರು ಪಕಾಸಿನ ಗುಂಟ ಹರಿದು ತೊಟ್ಟಿಕ್ಕುವುದು ಇನ್ನೊಂದು ಕಡೆ. ಗೇರ್‌ಬಾಕ್ಸ್ ಕೆಳಗೆ ಮಲಗಿದಾಗಲೂ ಇದನ್ನು ನೆನಪಿಡಿ. ನಾನು ಮರೆತಿದ್ದೆ. ಅದಕ್ಕೇ ಎಣ್ಣೆ ಸೋರುತ್ತಿದ್ದ ಒಂದೇ ಕಾರಿಗೆ ಎರಡು ಸಲ ಪ್ಯಾನ್ ಗ್ಯಾಸ್ಕೆಟ್ (ಗೇರ್‌ಬಾಕ್ಸ್ ತಳದ ಎಣ್ಣೆ ತಟ್ಟೆಯ ಅಂಚಿನ ಸೀಲ್) ಹಾಕಿದೆ.

ಕಾರು ಮರ್ಸಿಡಿಸ್ ಡಬ್ಲ್ಯೂ210, ಅಂದರೆ ಹಳೆಯ ಇ-ಕ್ಲಾಸ್. ಗೇರ್‌ಬಾಕ್ಸ್ 722.6, ಐದು ಗೇರಿನ ಆಟೊಮ್ಯಾಟಿಕ್. 1996ರಲ್ಲಿ ಬಂದದ್ದು, ಆಮೇಲಿನ ಡಬ್ಲ್ಯೂ203, ಡಬ್ಲ್ಯೂ211 ಮಾದರಿಗಳಲ್ಲೂ ಇದೆ. ಇದರ ಬಲಬದಿಯಲ್ಲಿ, ಅಂದರೆ ನಮ್ಮ ಕಾರುಗಳಲ್ಲಿ ಚಾಲಕನ ಬದಿಗೆ, ಪ್ಯಾನಿನ ಅಂಚಿಗೆ ತುಸು ಮೇಲೆ 13 ಪಿನ್ನಿನ ದುಂಡು ಪ್ಲಗ್ ಇದೆ. ಒಳಗಿನ ಸೊಲೆನಾಯ್ಡ್‌ಗಳಿಗೂ (ಎಣ್ಣೆಯ ದಾರಿ ತೆರೆದು ಮುಚ್ಚುವ ವಿದ್ಯುತ್ ವಾಲ್ವ್‌ಗಳು) ವೇಗದ ಸೆನ್ಸರ್‌ಗಳಿಗೂ ಗೇರ್ ಬದಲಾವಣೆ ನಿಯಂತ್ರಿಸುವ ಹೊರಗಿನ ಕಂಟ್ರೋಲ್ ಯೂನಿಟ್‌ಗೂ ಸಂಪರ್ಕ ಇದೊಂದರ ಮೂಲಕವೇ. ಪ್ಲಗ್ ಕೂರುವುದು ಕೊಳವೆಯಂಥ ಒಂದು ಪ್ಲಾಸ್ಟಿಕ್ ಬುಷ್‌ನಲ್ಲಿ. ಎಣ್ಣೆಯನ್ನು ತಡೆಯುವುದು ಆ ಬುಷ್‌ನ ಎರಡು ಓ-ರಿಂಗ್‌ಗಳು. ಬಿಸಿಯೇರಿ ತಣಿದು, ಬಿಸಿಯೇರಿ ತಣಿದು ವರ್ಷಗಳು ಕಳೆದರೆ ರಬ್ಬರು ಗಟ್ಟಿಯಾಗುತ್ತದೆ. ಉಳಿದದ್ದು ಇಳಿಜಾರಿನ ಕೆಲಸ: ಎಣ್ಣೆ ಪ್ಯಾನಿನ ಅಂಚಿಗಿಳಿದು, ಗಾಳಿಯ ಹೊಡೆತಕ್ಕೆ ಹಿಂದಕ್ಕೆ ಸರಿದು, ಪ್ಯಾನೇ ಸೋರುತ್ತಿರುವಂತೆ ಕಾಣಿಸುತ್ತದೆ.

ಆದ್ದರಿಂದ ಮೊದಲು ತೊಳೆಯಿರಿ. ಒದ್ದೆ ಗೇರ್‌ಬಾಕ್ಸನ್ನು ನೋಡಿ ಯಾರೂ ಏನನ್ನೂ ಹೇಳಲಾರರು. ಡಿಗ್ರೀಸರ್ ಹಾಕಿ ಒರೆಸಿ, ಒಣಗಿಸಿ, ಅನುಮಾನವಿರುವಲ್ಲಿ ಟಾಲ್ಕಂ ಪೌಡರ್ ಉದುರಿಸಿ, ಗೇರ್‌ಬಾಕ್ಸ್ ಬಿಸಿಯಾಗುವಷ್ಟು ಓಡಿಸಿ ಬಂದು ನೋಡಿ. ಹುಡುಕಬೇಕಾದದ್ದು ಅತಿ ಹೆಚ್ಚು ಒದ್ದೆಯಾದ ಜಾಗವನ್ನಲ್ಲ. ಅತಿ ಮೇಲಿನ, ಅತಿ ಮುಂದಿನ ಒದ್ದೆಯನ್ನು. ಗೇರ್‌ಬಾಕ್ಸ್ ಮುಂದೆ ಎಂಜಿನ್‌ಗೆ ಸೇರುವ ಕವಚವಾದ ಬೆಲ್‌ಹೌಸಿಂಗ್‌ನಿಂದ ಕೆಂಪೆಣ್ಣೆ ಇಳಿಯುತ್ತಿದ್ದರೆ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಸೀಲ್ ಕಡೆ ನೋಡಿ, ಕಪ್ಪೆಣ್ಣೆಯಾದರೆ ಎಂಜಿನ್ ಕಡೆ. ಆದರೆ ಹಳೆಯ ಗೇರ್ ಎಣ್ಣೆಯೂ ಕಂದು ತಿರುಗಿರುತ್ತದೆ, ಬಣ್ಣವೊಂದನ್ನೇ ನಂಬಬೇಡಿ.

ಖಚಿತ ಸಾಕ್ಷಿ ಸಿಗುವುದು ಪ್ಲಗ್ ಬಿಚ್ಚಿದಾಗಲೇ. ಎಂಜಿನ್ ನಿಲ್ಲಿಸಿ, ಗೇರ್‌ಬಾಕ್ಸ್ ತಣಿಯಲಿ. ಶಾಖ ತಡೆಯುವ ತಗಡನ್ನು ತೆಗೆದು, ಪ್ಲಗ್‌ನ ಸುತ್ತಲಿನ ಬಳೆಯನ್ನು ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿ ನೇರವಾಗಿ ಎಳೆಯಿರಿ. ಪಿನ್ನುಗಳ ನಡುವೆ ಎಣ್ಣೆ ಮಿನುಗುತ್ತಿದ್ದರೆ ತಪ್ಪಿತಸ್ಥ ಸಿಕ್ಕಂತೆ.

ಇಲ್ಲಿಗೆ ಮುಗಿಯಿತೆಂದು ಬುಷ್ ಬದಲಿಸಿ ಎದ್ದು ಹೋಗುವವರೇ ಹೆಚ್ಚು. ಈ ಸೋರಿಕೆಯ ಕಳ್ಳತನವಿರುವುದು ಮುಂದೆ. ಹಣತೆಯ ಬತ್ತಿ ಎಣ್ಣೆಯನ್ನು ಮೇಲಕ್ಕೆ ಹೀರುವಂತೆ, ವೈರಿನ ತಾಮ್ರದ ಎಳೆಗಳು ಹೊದಿಕೆಯೊಳಗೇ ಎಣ್ಣೆಯನ್ನು ಹೀರಿಕೊಂಡು ಕಂಟ್ರೋಲ್ ಯೂನಿಟ್‌ವರೆಗೆ ಏರಿಸಿಬಿಡುತ್ತವೆ. ನೆಲದ ಮೇಲೆ ಒಂದು ಹನಿಯೂ ಕಾಣದಿರಬಹುದು. ಕಂಡುಬರುವುದು ವಿದ್ಯುತ್ ದೋಷ: ಸೆನ್ಸರ್‌ನ ದೋಷ ತೋರಿಸುವ ಕೋಡ್‌ಗಳು, ಒಮ್ಮೊಮ್ಮೆ ಗೇರ್ ಬದಲಾಗದೆ ತುರ್ತು ಸ್ಥಿತಿ. ಎಂಜಿನ್ ನಿಲ್ಲಿಸಿ ಮತ್ತೆ ಹಚ್ಚಿದರೆ ಮುಂದಕ್ಕೆ ಎರಡನೇ ಗೇರ್ ಮಾತ್ರ, ಹಿಂದಕ್ಕೆ ರಿವರ್ಸ್. ಇಂಥ ಕಾರು ಬಂದಾಗ ಗೇರ್‌ಬಾಕ್ಸ್ ಇಳಿಸುವ ಮಾತಿಗೆ ಮೊದಲು ಕಂಟ್ರೋಲ್ ಯೂನಿಟ್‌ನ ಪ್ಲಗ್ ಬಿಚ್ಚಿ ಬಿಳಿ ಕಾಗದ ಒತ್ತಿ ನೋಡಿ. ಹಾಗೆಂದು ಕೋಡ್ ಬಂದ ಕಾರಿಗೆಲ್ಲ ಎಣ್ಣೆಯೇ ಕಾರಣವಲ್ಲ. ಸೆನ್ಸರ್‌ಗಳಿರುವ ಒಳಗಿನ ಕಂಡಕ್ಟರ್ ಪ್ಲೇಟ್ ಕೂಡ ಕೆಡುತ್ತದೆ.

ಬುಷ್ ತೆಗೆಯಲು ನಡುವಿನ 7 ಎಂಎಂ ಬೋಲ್ಟ್ ಬಿಚ್ಚಬೇಕು. ಕೆಳಗೆ ತಟ್ಟೆ ಇಡಿ, ಸ್ವಲ್ಪ ಎಣ್ಣೆ ಬೀಳುತ್ತದೆ. ಹಳೆಯದಕ್ಕೆ ಓ-ರಿಂಗ್ ಮಾತ್ರ ಹಾಕುವ ಜಿಪುಣತನ ಬೇಡ. ರಿಂಗ್ ಸಮೇತ ಹೊಸ ಬುಷ್ಷೇ ಸಿಗುತ್ತದೆ. ರಿಂಗ್‌ಗಳಿಗೆ ಗೇರ್ ಎಣ್ಣೆ ಸವರಿ ಕೂರಿಸಿ, ಬೋಲ್ಟನ್ನು ಹಗುರವಾಗಿ ಬಿಗಿಯಿರಿ, ಎಷ್ಟೆಂದರೂ ಪ್ಲಾಸ್ಟಿಕ್. ಮುಂದೆಂದಾದರೂ ವಾಲ್ವ್ ಬಾಡಿ (ಒಳಗೆ ಎಣ್ಣೆಯ ಒತ್ತಡ ಹಂಚುವ ಭಾಗ) ಇಳಿಸುವಾಗ ಮೊದಲು ಈ ಬುಷ್ ಹೊರಬರಬೇಕು, ಇಲ್ಲವಾದರೆ ಮುರಿಯುತ್ತದೆ. ಎರಡೂ ತುದಿಯ ಪ್ಲಗ್‌ಗಳನ್ನು ಕಾಂಟ್ಯಾಕ್ಟ್ ಕ್ಲೀನರ್‌ನಿಂದ ತೊಳೆದು ಒಣಗಿಸಿ. ಕೊನೆಗೆ ಎಣ್ಣೆಯ ಮಟ್ಟ: ಈ ಗೇರ್‌ಬಾಕ್ಸಿಗೆ ಕಾರಿನ ಜೊತೆ ಡಿಪ್‌ಸ್ಟಿಕ್ ಬರುವುದಿಲ್ಲ, ಗ್ಯಾರೇಜಿನದನ್ನು ಹಾಕಿ ಎಣ್ಣೆ 80 ಡಿಗ್ರಿಗೆ ಬಂದಾಗ, ಎಂಜಿನ್ ಓಡುತ್ತಿರುವಾಗ ನೋಡಬೇಕು.

ವೈರಿನೊಳಗೆ ಉಳಿದ ಎಣ್ಣೆ ಮಾತ್ರ ಒಂದೇ ದಿನಕ್ಕೆ ಹೋಗುವುದಿಲ್ಲ. ನಮ್ಮ ಕಾರಿನ ಕಂಟ್ರೋಲ್ ಯೂನಿಟ್ ಪ್ಲಗ್‌ಗೆ ವಾರಕ್ಕೊಮ್ಮೆ ಕಾಗದ ಒತ್ತಿದೆ. ಮೊದಲ ವಾರ ಕೆಂಪು ಕಲೆ ದೊಡ್ಡದಾಗಿಯೇ ಹರಡಿತು, ಮರುವಾರ ಚುಕ್ಕೆಯಷ್ಟು, ನಾಲ್ಕನೆಯ ವಾರ ಕಾಗದ ಒಣಗಿಯೇ ಬಂತು.